ಎರೆ ನೆಲದಲ್ಲಿ ಹಳಿಯ ಕೆಳಗೆ ಪೈಪು ತಳ್ಳಿದ ಕೆಲಸ

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ರಸ್ತೆಯೂ ರೈಲು ಹಳಿಯೂ ಬಹಳ ದೂರ ಜೊತೆಜೊತೆಗೇ ಸಾಗುತ್ತವೆ. ಒಂದು ಕಡೆ ರಾಷ್ಟ್ರೀಯ ಹೆದ್ದಾರಿ 67, ಹಳಬರ ಬಾಯಲ್ಲಿ ಅದು ಈಗಲೂ 63. ಇನ್ನೊಂದು ಕಡೆ ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ ಅಂತ ಸ್ಟೇಷನ್‌ಗಳ ಸಾಲು. ನೀರಿನ ಟ್ಯಾಂಕು ಆಚೆ, ಊರು ಈಚೆ ಇದ್ದರೆ ಪೈಪು ಎರಡನ್ನೂ ದಾಟಲೇಬೇಕು. ಅಣ್ಣಿಗೇರಿ ಮತ್ತು ಹುಲಕೋಟಿ ನಡುವೆ ಅಂಥದೊಂದು ಕೆಲಸಕ್ಕೆ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಕುಡಿಯುವ ನೀರಿನ 300 ಮಿಲಿಮೀಟರ್ ಡಿಐ (ಡಕ್ಟೈಲ್ ಐರನ್ ಅನ್ನುವ ಕಬ್ಬಿಣದ) ಪೈಪು, ಹಳಿ ಕೆಳಗೆ ಹೋಗಬೇಕಾದ ಉದ್ದ ಸುಮಾರು 30 ಮೀಟರ್. ಇಷ್ಟೇ ಕೆಲಸ. ಆದರೆ ಈ 30 ಮೀಟರ್ ಕಲಿಸಿದಷ್ಟನ್ನು ಉಳಿದ ಕಿಲೋಮೀಟರ್‌ಗಟ್ಟಲೆ ಪೈಪ್‌ಲೈನ್ ಕಲಿಸಲಿಲ್ಲ.

ಹೆದ್ದಾರಿ ದಾಟಿದ್ದರ ಬಗ್ಗೆ ಹೇಳೋದು ಕಡಿಮೆ. ಅದಕ್ಕೆ ಅನುಮತಿ ಬೇರೆ, ಠೇವಣಿ ಬೇರೆ. ಡಾಂಬರು ಒಡೆಯುವಂತಿಲ್ಲ, ಕೆಳಗಿಂದ ಕೊರೆದೇ ಹೋಗಬೇಕು. ಡ್ರಿಲ್ಲಿಂಗ್ ಮಷಿನ್ ಬಂತು, ಕೊರೆಯಿತು, ಪೈಪು ಎಳೆದುಕೊಂಡೆವು. ರಸ್ತೆ ಒಂಚೂರು ಕೂತರೆ ಲಾರಿ ಕುಲುಕುತ್ತದೆ, ಆಮೇಲೆ ಸರಿ ಮಾಡಬಹುದು. ಹಳಿ ಹಾಗಲ್ಲ. ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ ಇರುತ್ತದೆ. ಒಂದು ಹಳಿ ಇನ್ನೊಂದಕ್ಕಿಂತ ಕೆಲವೇ ಮಿಲಿಮೀಟರ್ ಕೆಳಗಿಳಿದರೂ ವ್ಯಾಗನ್ ತೂಗಾಡಲು ಶುರು ಮಾಡುತ್ತದೆ. ಈ ದಾರಿಯಲ್ಲಿ ಓಡೋದು ಪ್ರಯಾಣಿಕರ ಗಾಡಿಗಳಷ್ಟೇ ಅಲ್ಲ. ಹೊಸಪೇಟೆ, ಬಳ್ಳಾರಿ ಕಡೆಯ ಅದಿರು ಇದೇ ಹಳಿ ಮೇಲೆ ಬರುತ್ತದೆ. ಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೋಗೋದೂ ಇದರ ಮೇಲೆಯೇ. ತುಂಬಿದ ಗೂಡ್ಸ್ ಗಾಡಿಯ ಒಂದೊಂದು ಆಕ್ಸಲ್ ಮೇಲೆ 20 ಟನ್‌ಗಿಂತ ಜಾಸ್ತಿ ಭಾರ. ಅದರ ಕೆಳಗೆ ನಾವು ತೂತು ಮಾಡುವವರು.

ಅದಕ್ಕೇ ಮೊದಲು ಕಾಗದ. ರೈಲ್ವೆ ಜಾಗದಲ್ಲಿ ಪೈಪು ಹಾಯಿಸಲು ಸಿಗುವ ಅನುಮತಿಗೆ ವೇ ಲೀವ್ ಅನ್ನುತ್ತಾರೆ. ಜಾಗ ರೈಲ್ವೆಯದೇ, ಹಾದುಹೋಗುವ ಹಕ್ಕು ಮಾತ್ರ ನಮ್ಮದು. ಅರ್ಜಿ ಹೋಗೋದು ಹುಬ್ಬಳ್ಳಿಯ ಡಿಆರ್‌ಎಂ, ಅಂದರೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ. 2003ರಲ್ಲಿ ನೈಋತ್ಯ ರೈಲ್ವೆ ಶುರುವಾದಾಗಿನಿಂದ ವಲಯದ ಮುಖ್ಯ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ. ನಮ್ಮ ಭಾಗದವರಿಗೆ ಇದು ದೊಡ್ಡ ಅನುಕೂಲ. ಡ್ರಾಯಿಂಗ್‌ನಲ್ಲಿ ಏನಾದರೂ ಸಂಶಯ ಬಂದರೆ ಬೆಳಿಗ್ಗೆ ಗದಗ ಬಿಟ್ಟು ಸಂಜೆಯೊಳಗೆ ಕೇಳಿಕೊಂಡು ಬರಬಹುದು.

ಡ್ರಾಯಿಂಗ್ ಅಂದರೆ ಎರಡು ಗೆರೆ ಎಳೆದು ಮಧ್ಯೆ ಒಂದು ಪೈಪು ತೋರಿಸಿದರೆ ಆಗಲ್ಲ. ಜಾಗವನ್ನು ಊರಿನ ಹೆಸರಿನಿಂದ ಹೇಳುವಂತಿಲ್ಲ. ಎಷ್ಟನೇ ಕಿಲೋಮೀಟರ್, ಯಾವ ನಂಬರಿನ ವಿದ್ಯುತ್ ಕಂಬದಿಂದ ಯಾವ ಕಂಬದ ನಡುವೆ ಅಂತ ಬರೆಯಬೇಕು. ಹಳಿಯ ಮಟ್ಟ, ಜಲ್ಲಿಯ ಕೆಳಗಿನ ಮಣ್ಣಿನ ಮಟ್ಟ, ಹೊಲದ ಮಟ್ಟ, ಪೈಪಿನ ತಳದ ಮಟ್ಟ, ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ನಿಲ್ಲುತ್ತದೆ ಅನ್ನೋದು, ರೈಲ್ವೆ ಗಡಿ ಕಲ್ಲು ಎಲ್ಲಿದೆ ಅನ್ನೋದು, ಎಲ್ಲವೂ ಒಂದೇ ಹಾಳೆಯಲ್ಲಿ ಬರಬೇಕು. ಪೈಪು ಆದಷ್ಟೂ ಹಳಿಗೆ ನೇರ ಅಡ್ಡ ಹೋಗಬೇಕು. ಓರೆಯಾದಷ್ಟೂ ಹಳಿ ಕೆಳಗಿನ ಉದ್ದ ಹೆಚ್ಚುತ್ತದೆ. ಸೇತುವೆ, ಮೋರಿಗಳ ಹತ್ತಿರ ಬರಬಾರದು.

ಈ ಹಾಳೆ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮಳೆಗಾಲ ಪೂರ್ತಿ ಅದರಲ್ಲೇ ಕಳೆಯಿತು. ನಮ್ಮ ಕೆಲಸದವರು ಇದನ್ನು ಸುಮ್ನೆ ಓಡಾಟ ಅಂತ ಬೇಸರ ಮಾಡಿಕೊಳ್ಳೋದು ಜಾಸ್ತಿ. ನನಗೆ ಹಾಗೆ ಅನ್ನಿಸಲಿಲ್ಲ, ಈಗಂತೂ ಅನ್ನಿಸೋದೇ ಇಲ್ಲ. ಒಂದೊಂದು ಸಹಿಯ ಹಿಂದೆ ನೆಲದಲ್ಲಿ ಒಂದೊಂದು ವಸ್ತು ಇದೆ. ಎಂಜಿನಿಯರಿಂಗ್ ವಿಭಾಗದ ಸಹಿಯ ಹಿಂದೆ ಹಳಿಯನ್ನು ಹೊತ್ತ ಒಡ್ಡು ಇದೆ. ಸಿಗ್ನಲ್ ವಿಭಾಗದವರದು ಮಣ್ಣೊಳಗಿನ ಕೇಬಲ್ಲು. ವಿದ್ಯುತ್ ವಿಭಾಗದವರದು ಕಂಬದ ಬುನಾದಿ, ಮೇಲೆ 25 ಸಾವಿರ ವೋಲ್ಟ್ ತಂತಿ. ಕರೆಂಟು ಇರುವ ಆ ತಂತಿಯಿಂದ 2 ಮೀಟರ್ ಒಳಗೆ ಯಾರೂ, ಯಾವುದೂ ಹೋಗುವಂತಿಲ್ಲ. ಜೆಸಿಬಿ ತೋಳು ಎತ್ತಿದರೆ ಎಲ್ಲಿವರೆಗೆ ಮುಟ್ಟುತ್ತದೆ ಅಂತ ಅವರು ಕೇಳೋದು ಅದಕ್ಕೇ. ಆಪರೇಟಿಂಗ್‌ನವರ ಕೈಯಲ್ಲಿರೋದು ರೈಲಿನ ಸಮಯ. ನಾವು ಕೆಲಸ ಮಾಡುವಷ್ಟು ದಿನ ಅಲ್ಲಿ ಗಾಡಿಗಳು ನಿಧಾನ ಹೋಗಬೇಕು, ಒಂದು ಗಾಡಿ ತಡವಾದರೆ ಹಿಂದಿನದೂ ತಡ. ಇವರಲ್ಲಿ ಒಬ್ಬರನ್ನು ಬಿಟ್ಟು ಮುಂದೆ ಹೋದರೆ ಯಾರ ವಸ್ತುವಿಗೆ ಏಟು ಬೀಳುತ್ತದೆ ಅಂತ ನನಗೆ ಈಗ ಹೆಸರು ಹಿಡಿದು ಹೇಳಲು ಬರುತ್ತದೆ.

ಅನುಮತಿ ಒಂದು ಕಡೆ ಇರಲಿ. ಕೆಲಸ ಯಾವಾಗ ಶುರು ಮಾಡಬೇಕು ಅನ್ನೋದನ್ನು ಹೇಳಿದ್ದು ಎರೆ ಮಣ್ಣು.

ಗದಗ, ನವಲಗುಂದ, ಅಣ್ಣಿಗೇರಿ ಸೀಮೆಯ ಎರೆ ನೋಡಿದವರಿಗೆ ಅದರ ಗುಣ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಎಳೆದುಕೊಳ್ಳೋದರಿಂದ ಹೀಗಾಗುತ್ತದೆ. ಹತ್ತಿಗೂ ಕಡಲೆಗೂ ಇದಕ್ಕಿಂತ ಒಳ್ಳೆಯ ನೆಲ ಇಲ್ಲ, ಬುನಾದಿಗೆ ಇದಕ್ಕಿಂತ ಕಷ್ಟದ್ದೂ ಇಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಈ ಸೀಮೆಯಲ್ಲಿ ಮೀಟರ್‌ಗೇಜ್ ಹಾಕಿದ್ದು ಇದೇ ನೆಲದ ಮೇಲೆ. 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿ ಹಳಿ, ಆಮೇಲೆ ವಿದ್ಯುತ್. ಮೇಲಿನದೆಲ್ಲ ಬದಲಾಯಿತು, ಎರೆ ಮಾತ್ರ ಅದೇ.

ಮಳೆಗಾಲದಲ್ಲಿ ತೋಡುವ ಮಾತೇ ಇಲ್ಲ. ಅಕ್ಟೋಬರ್‌ನಲ್ಲಿ ಹಿಂಗಾರಿ ಮಳೆ ಬಂದರೆ ನವೆಂಬರ್‌ವರೆಗೂ ನೆಲ ಹಸಿ. ಹಾಗಂತ ಏಪ್ರಿಲ್, ಮೇವರೆಗೆ ಕಾಯಲೂ ಆಗಲ್ಲ. ಈಗಿನ ಹಳಿಗಳು ಉದ್ದಕ್ಕೂ ಬೆಸೆದಂಥವು, ಬಿಸಿಲಿಗೆ ಹಿಗ್ಗಲು ಜಾಗ ಇರುವುದಿಲ್ಲ. ಕಾದ ಹಳಿ ಒಳಗೊಳಗೇ ಒತ್ತಡದಲ್ಲಿರುತ್ತದೆ, ಅದನ್ನು ಹಿಡಿದಿರೋದು ಸ್ಲೀಪರ್ ಮತ್ತು ಸುತ್ತಲಿನ ಜಲ್ಲಿ. ಕಡುಬೇಸಿಗೆಯಲ್ಲಿ ಆ ಜಲ್ಲಿ ಸಡಿಲವಾದರೆ ಹಳಿ ಪಕ್ಕಕ್ಕೆ ಬಾಗಬಹುದು. ಇವೆರಡರ ನಡುವೆ ಸಿಗುವ ಒಳ್ಳೆಯ ದಿನಗಳಲ್ಲಿ ಹೊಲದಲ್ಲಿ ಕಡಲೆ ನಿಂತಿರುತ್ತದೆ. ನಮ್ಮ ಗುಂಡಿಯ ಅರ್ಧ ಬರುತ್ತಿದ್ದದ್ದು ಒಬ್ಬ ರೈತರ ಹೊಲದಲ್ಲಿ.

ಜಾಗ ನೋಡಲು ಹೋದಾಗ ಅವರೇ ಮೊದಲು ಹೇಳಿದರು: "ಸಾಹೇಬ್ರ, ಈಗ ಇಲ್ಲಿ ಜೆಸಿಬಿ ತರಬ್ಯಾಡ್ರಿ. ಇಳೀತಂದ್ರ ಮ್ಯಾಲೆ ಬರಂಗಿಲ್ಲ ಅದು. ಕಡ್ಲಿ ಕಿತ್ತ ಮ್ಯಾಲ ಬರ್ರಿ. ಅವಾಗ ನೆಲಾನೂ ಗಟ್ಟಿ ಇರತೈತಿ, ನನಗೂ ತ್ರಾಸಿಲ್ಲ."

ಹಳಿ ಪಕ್ಕದ ತಗ್ಗಿನಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಯಾವ ಮೋರಿಯಿಂದ ಹರಿದು ಹೋಗುತ್ತದೆ ಅಂತ ತೋರಿಸಿದ್ದೂ ಅವರೇ. ಅವರು ಕೈಮಾಡಿದ ಮಟ್ಟವನ್ನೇ ಡ್ರಾಯಿಂಗ್‌ನಲ್ಲಿ ನೀರಿನ ಮಟ್ಟ ಅಂತ ಹಾಕಿಕೊಂಡೆವು. ಪರಿಹಾರದ ಮಾತು ಮುಗಿಸಿ, ಫೆಬ್ರುವರಿಗೆ ಗುಂಡಿ ಅಂತ ಗಟ್ಟಿ ಮಾಡಿಕೊಂಡು ಬಂದೆವು.

ನಡುವೆ ಮಣ್ಣಿನ ಪರೀಕ್ಷೆ. ಹಳಿಯ ಎರಡೂ ಬದಿ ಬೋರು ಹಾಕಿದೆವು. ದಕ್ಷಿಣದ ಕಡೆ ಎರೆ ಬೇಗ ಮುಗಿದು ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣು ಸಿಕ್ಕಿತು. ಉತ್ತರದ ಕಡೆ ಎರೆ ಇನ್ನೂ ಆಳಕ್ಕೆ ಇಳಿದಿತ್ತು. ಇದು ಒಳ್ಳೆಯ ಸುದ್ದಿ ಅಲ್ಲ. ಪೈಪಿನ ಬಾಯಿ ಪೂರ್ತಿ ಗರಸಿನಲ್ಲಿದ್ದರೆ ನೇರ ಹೋಗುತ್ತದೆ. ಪೂರ್ತಿ ಎರೆಯಲ್ಲಿದ್ದರೂ ಹೇಗೋ ಹೋಗುತ್ತದೆ. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ ಇದ್ದರೆ ಪೈಪು ಮೆತ್ತಗಿನ ಕಡೆಗೆ, ಅಂದರೆ ಮೇಲಕ್ಕೆ, ಹಳಿಯ ಕಡೆಗೆ ಏಳಲು ನೋಡುತ್ತದೆ. ಹಾಗಾಗಿ ಪೈಪಿನ ಮಟ್ಟವನ್ನು ನಿಯಮ ಕೇಳೋದಕ್ಕಿಂತ ಇನ್ನೂ ಕೆಳಗಿಳಿಸಿದೆವು. ಖರ್ಚು ಹೆಚ್ಚಾಯಿತು, ಗುಂಡಿ ಆಳವಾಯಿತು. ಆದರೂ ಕೊನೆಯ ಮೂರನೇ ಒಂದು ಭಾಗ ಎರೆಯಲ್ಲೇ ಹೋಗಬೇಕು ಅಂತ ಮೊದಲೇ ಗೊತ್ತಿತ್ತು.

ಗುಂಡಿ ತೋಡುವ ಮೊದಲು ಜಂಟಿ ಪರಿಶೀಲನೆ. ಹಳಿ ನೋಡಿಕೊಳ್ಳುವ ಪಿ-ವೇ ವಿಭಾಗದವರು, ಸಿಗ್ನಲ್‌ನವರು, ವಿದ್ಯುತ್‌ನವರು, ನಾವು, ಎಲ್ಲ ಒಟ್ಟಿಗೆ ನಿಂತು ಒಂದೊಂದು ಕೇಬಲ್ಲನ್ನೂ ನೆಲದ ಮೇಲೆ ಗುರುತು ಹಾಕಬೇಕು. ಸಿಗ್ನಲ್ ಕೇಬಲ್ ತುಂಡಾದರೆ ಸಿಗ್ನಲ್ ಕೆಂಪಿಗೆ ಬೀಳುತ್ತದೆ. ಅದು ಸುರಕ್ಷಿತವಾಗಿ ಕೆಡುವ ಏರ್ಪಾಡು. ಆದರೆ ಆಮೇಲೆ ಪ್ರತಿ ಗಾಡಿಯನ್ನೂ ಕಾಗದ ಬರೆದುಕೊಟ್ಟು ದಾಟಿಸಬೇಕು, ಆ ಕಡೆ ಗದಗದವರೆಗೆ, ಈ ಕಡೆ ಹುಬ್ಬಳ್ಳಿವರೆಗೆ ಗಾಡಿಗಳು ನಿಂತುಬಿಡುತ್ತವೆ. ರೈಲ್ವೆ ಪಕ್ಕದಲ್ಲಿ ತೋಡುವ ಕೆಲಸಕ್ಕೇ ಅಂತ ಎಲ್ಲ ವಿಭಾಗಗಳಿಗೂ ಸೇರಿ ಒಂದು ಜಂಟಿ ಕಾರ್ಯವಿಧಾನದ ಆದೇಶ ಇದೆ. ಜೆಪಿಒ ಅಂತಾರೆ. ಕೇಬಲ್ ಗುರುತು ಹಾಕದೆ ಮಷಿನ್ ಇಳಿಸುವಂತಿಲ್ಲ ಅನ್ನೋದು ಅದರ ಸಾರ.

ಮಷಿನ್ ಇಳಿಸುವ ಮುಂಚೆ ಕೈಯಿಂದ ಒಂದು ಸಣ್ಣ ಕಾಲುವೆ ತೋಡಿಸಿದೆವು. ಗುದ್ದಲಿ ಒಂದು ಹಂತಕ್ಕೆ ಬಂದಾಗ ಸಿಗ್ನಲ್‌ನ ಟೆಕ್ನಿಷಿಯನ್ ಕೈ ಅಡ್ಡ ಹಿಡಿದರು. "ಇನ್ನ ಗುದ್ದಲಿ ಬ್ಯಾಡ. ಕೈಲೆ ತಗೀರಿ." ಅವರೇ ಕುಕ್ಕರುಗಾಲಲ್ಲಿ ಕೂತು ಹೆಂಟೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಮೊದಲು ಒಂದು ಇಟ್ಟಿಗೆಯ ಅಂಚು ಕಂಡಿತು. ಆಮೇಲೆ ಅದರ ಪಕ್ಕ ಇನ್ನೊಂದು, ಮತ್ತೊಂದು. ಕೇಬಲ್ ಮೇಲೆ ಅಡ್ಡಡ್ಡ ಇಟ್ಟಿಗೆ ಜೋಡಿಸೋದು ಹಳೆಯ ಪದ್ಧತಿ, ಮುಂದೆ ತೋಡುವವರ ಗುದ್ದಲಿಗೆ ಮೊದಲು ಇಟ್ಟಿಗೆ ತಾಗಲಿ ಅಂತ. ಇಟ್ಟಿಗೆ ಎತ್ತಿದರೆ ಕೆಳಗೆ ಕೇಬಲ್ಲುಗಳು. ಅವರು ಬಟ್ಟೆ ತುಂಡಿನಿಂದ ಎರೆ ಒರೆಸಿ, ಎಲ್ಲವನ್ನೂ ತಮ್ಮ ನಕ್ಷೆಗೆ ಹೋಲಿಸಿ ನೋಡಿದರು. ಸರಿಯಾಗಿತ್ತು. ಎದ್ದು ನಿಂತವರು ಗುಂಡಿ ಕಡೆಗೆ ಎರಡು ಹೆಜ್ಜೆ ನಡೆದು, "ಇಲ್ಲೂ ಒಂದೀಟು ನೋಡೂಣ್ರಿ" ಅಂದರು. ಅಲ್ಲಿ ಇನ್ನೊಂದು ಕೇಬಲ್ ಸಿಕ್ಕಿತು. ಇಟ್ಟಿಗೆ ಇಲ್ಲ, ಗುರುತಿನ ಕಲ್ಲಿಲ್ಲ, ಯಾರ ನಕ್ಷೆಯಲ್ಲೂ ಇಲ್ಲ. ಜೆಸಿಬಿಯ ಮೊದಲ ಬಕೆಟ್ ಬೀಳಬೇಕಿದ್ದದ್ದು ಸರಿಯಾಗಿ ಅಲ್ಲೇ.

ಅದು ಯಾರದು, ಜೀವ ಇದೆಯೋ ಇಲ್ಲವೋ ಅಂತ ತಿಳಿಯುವವರೆಗೆ ಕೆಲಸ ನಿಂತಿತು. ಜೀವ ಇತ್ತು. ಗುಂಡಿಯನ್ನು ಹೊಲದ ಕಡೆ ಸರಿಸಿದೆವು, ಕೇಬಲ್ಲಿಗೆ ಸೀಳಿದ ಪೈಪಿನ ಕವಚ ಹಾಕಿ, ಮೇಲೆ ಇಟ್ಟಿಗೆ ಇಟ್ಟು ಮುಚ್ಚಿದೆವು. ಅನುಭವ ಇರುವ ಒಬ್ಬರ ಎರಡು ಹೆಜ್ಜೆಯ ಅನುಮಾನ ಅಷ್ಟು ದೊಡ್ಡ ಅನಾಹುತ ತಪ್ಪಿಸಿತು. ಅವರಿಗೆ ನಾನು ಇವತ್ತಿಗೂ ಋಣಿ.

ಇನ್ನು ತಳ್ಳುವ ವಿಷಯ. ಹಳಿ ಕೆಳಗೆ ನೀರಿನ ಪೈಪನ್ನು ಹಾಗೇ ಇಡುವುದಿಲ್ಲ. ಮೊದಲು ದೊಡ್ಡದೊಂದು ಕೇಸಿಂಗ್ ಪೈಪು ಹೋಗಬೇಕು, ಅದರೊಳಗೆ ನೀರಿನ ಪೈಪು. ನಾಳೆ ನೀರಿನ ಪೈಪು ಸೋರಿದರೂ ನೀರು ಕೇಸಿಂಗ್ ಒಳಗೇ ಹರಿದು ತುದಿಯ ಚೇಂಬರಿಗೆ ಬರುತ್ತದೆ, ಒಡ್ಡಿನ ಮಣ್ಣಿಗೆ ಸೇರುವುದಿಲ್ಲ. ಎರೆ ನೆಲದಲ್ಲಿ ಇದು ಬಹಳ ಮುಖ್ಯ. ಒಂದೇ ಕಡೆ ನೀರು ಕುಡಿದ ಎರೆ ಉಬ್ಬಿ ಹಳಿಯನ್ನೇ ಎತ್ತಬಲ್ಲದು. ಕೇಸಿಂಗ್‌ಗೆ ನಾವು ಬಳಸಿದ್ದು 1000 ಮಿಲಿಮೀಟರಿನ, ಭಾರೀ ತೂಕ ತಡೆಯುವ ಎನ್‌ಪಿ-4 ದರ್ಜೆಯ ಆರ್‌ಸಿಸಿ (ಒಳಗೆ ಕಬ್ಬಿಣದ ಸರಳಿರುವ ಕಾಂಕ್ರೀಟ್) ಪೈಪು. ಒಬ್ಬ ಮನುಷ್ಯ ಒಳಗೆ ಕೂತು ಮಣ್ಣು ಕಡಿಯಲು ಅಷ್ಟಾದರೂ ಜಾಗ ಬೇಕು.

ಗುಂಡಿಯಲ್ಲಿ ಹಿಂದೆ ಕಾಂಕ್ರೀಟ್ ಗೋಡೆ, ಅದಕ್ಕೆ ಒರಗಿ ಹೈಡ್ರಾಲಿಕ್ ಜ್ಯಾಕು, ಮುಂದೆ ಪೈಪು. ಮೊದಲ ಪೈಪಿನ ಬಾಯಿಗೆ ಕಬ್ಬಿಣದ ಚೂಪು ಅಂಚು. ಒಳಗಿನವರು ಸ್ವಲ್ಪ ಮಣ್ಣು ಕಡಿದು ಹಿಂದಕ್ಕೆ ಕಳಿಸಬೇಕು, ಜ್ಯಾಕು ಸ್ವಲ್ಪ ತಳ್ಳಬೇಕು. ಗ್ಯಾಂಗಿನ ಮೇಸ್ತ್ರಿ ಲಕ್ಷ್ಮೇಶ್ವರ ಕಡೆಯವರು. ಅವರದು ಒಂದೇ ಕಟ್ಟಪ್ಪಣೆ: ಚೂಪು ಅಂಚಿಗಿಂತ ಮುಂದೆ ಕಡಿಯಬಾರದು. "ತಮ್ಮಾ, ಮಣ್ಣ ಪೈಪಿನೊಳಗ ಬಂದ ಮ್ಯಾಲ ಕಡಿ. ಹೊರಗ ಕೈ ಹಾಕಬ್ಯಾಡ." ಮುಂದೆ ಕಡಿದರೆ ಕೆಲಸ ಬೇಗ ಆಗುತ್ತದೆ, ಆದರೆ ಅಲ್ಲೊಂದು ಪೊಳ್ಳು ಉಳಿಯುತ್ತದೆ. ಆ ಪೊಳ್ಳು ಒಂದು ದಿನ ಮೇಲಕ್ಕೆ ಬಂದು ಹಳಿಯ ಕೆಳಗೆ ಬಾಯಿ ತೆರೆಯುತ್ತದೆ. ಒಳಗೆ ಗಾಳಿಗೆ ಬ್ಲೋವರ್, ಬೆಳಕಿಗೆ ಕಡಿಮೆ ವೋಲ್ಟಿನ ದೀಪ, ಹೊರಗಿನವರೊಂದಿಗೆ ಮಾತಾಡಲು ಒಂದು ಹಗ್ಗ. ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ತಳ್ಳು.

ಮೇಲೆ ರೈಲ್ವೆಯವರ ಕಾವಲು. ವೇಗ ಮಿತಿಯ ಬೋರ್ಡುಗಳು ನಿಂತವು, ಸ್ಟೇಷನ್‌ನಿಂದ ಪ್ರತಿ ಲೋಕೋ ಪೈಲಟ್‌ಗೂ ಎಚ್ಚರಿಕೆಯ ಕಾಗದ ಹೋಯಿತು. ಗ್ಯಾಂಗ್‌ಮನ್‌ಗಳ ಹತ್ತಿರ ಕೆಂಪು ಬಾವುಟ, ಪಟಾಕಿ ಸಿಗ್ನಲ್ (ಗಾಲಿ ಹತ್ತಿದರೆ ಸಿಡಿದು ಚಾಲಕನನ್ನು ಎಚ್ಚರಿಸುವಂಥದ್ದು) ಸಿದ್ಧ. ಏನಾದರೂ ಹೆಚ್ಚುಕಡಿಮೆ ಆದರೆ 600 ಮೀಟರ್ ದೂರದಲ್ಲಿ ಹಳಿಗೆ ಅಡ್ಡಲಾಗಿ ಕೆಂಪು ಬಟ್ಟೆಯ ಬ್ಯಾನರ್ ಕಟ್ಟಬೇಕು, 1200 ಮೀಟರ್ ದೂರಕ್ಕೆ ಓಡಿ ಹಳಿ ಮೇಲೆ 10 ಮೀಟರ್‌ಗೊಂದರಂತೆ 3 ಪಟಾಕಿ ಇಡಬೇಕು. ರಾತ್ರಿ ಆ ಕೆಲಸಕ್ಕೆ ನಿಂತವರು ಟಾರ್ಚ್ ಹಿಡಿದು ಆ ದೂರವನ್ನು ಮೊದಲೇ ನಡೆದು ನೋಡಿಕೊಂಡು ಬಂದಿದ್ದರು. ಸ್ಲೀಪರ್‌ಗಳ ಮೇಲೆ ಬಣ್ಣದಿಂದ ಗುರುತು ಹಾಕಿ, ಪ್ರತಿ ಗಾಡಿ ಹೋದ ಮೇಲೆ ಹಳಿಯ ಮಟ್ಟ ನೋಡಿ ಬರೆಯೋದು ನನ್ನ ಪಾಲಿನ ಕೆಲಸ. ಚಳಿ ಇತ್ತು. ಲೆವೆಲ್ ಉಪಕರಣದ ಗಾಜಿನ ಮೇಲೆ ಇಬ್ಬನಿ ಕೂತು, ಒರೆಸಿ ಒರೆಸಿ ನೋಡಬೇಕಾಗುತ್ತಿತ್ತು.

ಗರಸಿನಲ್ಲಿ ಪೈಪು ಚೆನ್ನಾಗಿ ಹೋಯಿತು. ಎರಡನೇ ಹಳಿ ದಾಟುವ ಹೊತ್ತಿಗೆ ಎರೆ ಸಿಕ್ಕಿತು. ಅಲ್ಲಿಂದ ಎರಡು ನಿಯಮಗಳ ನಡುವೆ ಸಿಕ್ಕಿಕೊಂಡೆವು. ಗಾಡಿ ಬರುವಾಗ ಜ್ಯಾಕು ನಿಲ್ಲಿಸಬೇಕು, ಒಳಗಿನವರು ಹೊರಗೆ ಬರಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಎರೆಯಲ್ಲಿ ಪೈಪನ್ನು ನಿಲ್ಲಿಸಿದಷ್ಟೂ ಮಣ್ಣು ಸುತ್ತಲೂ ಅಂಟಿಕೊಂಡು ಹಿಡಿಯುತ್ತದೆ. ಮತ್ತೆ ಹೊರಡಿಸಲು ಮೊದಲಿಗಿಂತ ಜಾಸ್ತಿ ಒತ್ತಡ ಬೇಕು. ಜ್ಯಾಕಿನ ಮೀಟರ್ ಮುಳ್ಳು ಪ್ರತಿ ಸಲ ನಿಂತು ಹೊರಟಾಗಲೂ ಸ್ವಲ್ಪ ಮೇಲೇರುತ್ತಿತ್ತು. ತೀರಾ ಹೆಚ್ಚು ಒತ್ತಿದರೆ ಹಿಂದಿನ ಗೋಡೆ ಜಾರಬಹುದು, ಪೈಪಿನ ಕೊರಳು ಸೀಳಬಹುದು.

ಮೇಸ್ತ್ರಿ ಬೆಂಟೊನೈಟ್ ಕಲಸಿ ಪೈಪಿನ ಹೊರಮೈಗೆ ಪಂಪ್ ಮಾಡಿಸಿದರು. ಅದು ನುಣುಪಾದ ಜೇಡಿ, ಪೈಪು ಜಾರಲು ಎಣ್ಣೆ ಹಚ್ಚಿದ ಹಾಗೆ. ನಾವು ಪಕ್ಕದಲ್ಲಿದ್ದ ಪಿ-ವೇ ಸಿಬ್ಬಂದಿಯ ಮೂಲಕ ಸ್ಟೇಷನ್ ಮಾಸ್ಟರನ್ನು ಕೇಳುತ್ತಲೇ ಇದ್ದೆವು: ಮುಂದಿನ ಗಾಡಿ ಎಲ್ಲಿದೆ, ನಡುವೆ ಎಷ್ಟು ಹೊತ್ತು ಸಿಗುತ್ತದೆ? ಆ ಬಿಡುವಿಗೆ ತಕ್ಕ ಹಾಗೆ ಎಷ್ಟು ಕಡಿಯಬೇಕು, ಎಷ್ಟು ತಳ್ಳಬೇಕು ಅಂತ ಮೇಸ್ತ್ರಿ ಲೆಕ್ಕ ಹಾಕುತ್ತಿದ್ದರು. ಊಟದ ಬಿಡುವು ಇಲ್ಲ, ಪಾಳಿ ಬದಲಾವಣೆಯೂ ಜ್ಯಾಕು ನಡೆಯುತ್ತಿರುವಾಗಲೇ. ರೊಟ್ಟಿ, ಶೇಂಗಾ ಚಟ್ನಿ ಗುಂಡಿಯ ದಂಡೆಗೇ ಬಂತು.

ಕಲ್ಲಿದ್ದಲಿನ ಒಂದು ಉದ್ದನೆಯ ಗಾಡಿ ದಾಟಿದ ಮೇಲೆ ಒಂದು ಗುರುತಿನಲ್ಲಿ ಹಳಿ ಒಂಚೂರು ಇಳಿದದ್ದು ಕಂಡಿತು. ಮಿತಿಯ ಒಳಗೇ ಇತ್ತು. ಆದರೂ ಹೇಳಿದೆ. ಗ್ಯಾಂಗ್‌ಮನ್‌ಗಳು ಮರುಮಾತಿಲ್ಲದೆ ಬಂದು, ಸ್ಲೀಪರ್ ಅಡಿಗೆ ಜಲ್ಲಿ ಬಡಿದು ಕೂರಿಸಿ ಮಟ್ಟ ಸರಿ ಮಾಡಿದರು. ಅವರಲ್ಲಿ ಹಿರಿಯರೊಬ್ಬರು ಹಳಿಯ ಪಕ್ಕ ಬಗ್ಗಿ, ಕಣ್ಣಳತೆಯಲ್ಲೇ ಉದ್ದಕ್ಕೂ ನೋಡಿ "ಈಗ ಸರಿ ಆತು" ಅಂದರು. ಉಪಕರಣದಲ್ಲಿ ನೋಡಿದೆ. ಸರಿ ಇತ್ತು.

ಆಚೆ ಗುಂಡಿಯ ಗೋಡೆಯಲ್ಲಿ ಮಣ್ಣು ಬಿರಿದು ಪೈಪಿನ ಅಂಚು ಹೊರಗೆ ಬಂದಾಗ ಬೆಳಕು ಹರಿದಿತ್ತು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪೈಪಿಗೂ ಮಣ್ಣಿಗೂ ನಡುವೆ ಉಳಿದ ಸಂದಿಗೆ ಸಿಮೆಂಟ್-ಬೆಂಟೊನೈಟ್ ಗ್ರೌಟ್, ಅಂದರೆ ತೆಳ್ಳಗೆ ಕಲಸಿದ ಗಾರೆ ತುಂಬಬೇಕು. ಹಲವರು ಅವಸರ ಮಾಡೋದು ಇಲ್ಲೇ, ಪೈಪು ಆಚೆ ಬಂತಲ್ಲ ಅಂತ. ಆ ಸಂದಿ ಹಾಗೇ ಉಳಿದರೆ ಮಳೆಗಾಲದಲ್ಲಿ ಅದೇ ನೀರಿನ ದಾರಿ. ಗ್ರೌಟ್ ಇನ್ನೊಂದು ತೂತಿನಿಂದ ಹೊರಗೆ ಉಕ್ಕುವವರೆಗೂ ಬಿಡಲಿಲ್ಲ. ಆಮೇಲೆ ಡಿಐ ಪೈಪನ್ನು ಆಧಾರಗಳ ಮೇಲೆ ಒಳಗೆ ಜಾರಿಸಿದೆವು. ಕೆಲಸದ ಒತ್ತಡದ ಒಂದೂವರೆ ಪಟ್ಟು ನೀರು ತುಂಬಿ ಪರೀಕ್ಷೆ ಮಾಡಿದೆವು. ಎರಡೂ ಬದಿ ರೈಲ್ವೆ ಗಡಿಯ ಹೊರಗೆ ವಾಲ್ವ್ ಚೇಂಬರ್ ಕಟ್ಟಿದೆವು. ಪೈಪು ಒಡೆದರೆ ರೈಲ್ವೆ ಜಾಗಕ್ಕೆ ಕಾಲಿಡದೆ ನೀರು ನಿಲ್ಲಿಸಬಹುದು.

ವೇಗ ಮಿತಿಯ ಬೋರ್ಡು ತೆಗೆದ ಮೇಲೂ ಲೆವೆಲ್ ನೋಡೋದು ನಿಲ್ಲಲಿಲ್ಲ. ಮೊದಲ ಮಳೆಗಾಲ ಪೂರ್ತಿ, ದೊಡ್ಡ ಮಳೆ ಬಿದ್ದಾಗಲೆಲ್ಲ ಪಿ-ವೇ ಸಿಬ್ಬಂದಿ ಜೊತೆ ಹೋಗಿ ಅದೇ ಗುರುತುಗಳನ್ನು ನೋಡಿ ಬಂದೆ. ಎಲ್ಲೂ ಕೂತಿರಲಿಲ್ಲ, ಉಬ್ಬಿರಲೂ ಇಲ್ಲ. ಕೊನೆಗೆ ಕೊಟ್ಟ ಡ್ರಾಯಿಂಗ್‌ನಲ್ಲಿ ಪೈಪಿನ ನಿಜವಾದ ಮಟ್ಟಗಳ ಜೊತೆಗೆ ಆ ಗುರುತಿಲ್ಲದ ಕೇಬಲ್ಲನ್ನೂ ಆಳ, ದೂರ ಬರೆದು ತೋರಿಸಿದೆವು. ಅದರ ಒಂದು ನಕಲು ಸಿಗ್ನಲ್ ವಿಭಾಗಕ್ಕೂ ಹೋಯಿತು.

ಈಗ ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ಮತ್ತು ದೇವರಗುಡ್ಡದ ನಡುವೆ ಇಂಥದ್ದೇ ಇನ್ನೊಂದು ದಾಟುವ ಕೆಲಸ ಬಂದಿದೆ. ಅರ್ಜಿ ಇನ್ನೂ ಹೋಗಿಲ್ಲ. ಎರಡೂ ಬದಿ ಬೋರು ಹಾಕಿಸಿ ಆಗಿದೆ, ಕೇಬಲ್ ಗುರುತು ಹಾಕುವವರನ್ನು ಡ್ರಾಯಿಂಗ್‌ಗಿಂತ ಮೊದಲೇ ಕರೆದಿದ್ದೇವೆ. ಅವರು ಬಂದ ಮೇಲೆ ಗುಂಡಿಯ ಜಾಗ ತೀರ್ಮಾನ.